ಕೋಳಿ ಪುಸ್ತಕದ ಎರವಲು

ಪುಸ್ತಕ ಕೇಳಿಕೊಂಡು ಬರುವವರಲ್ಲಿ ಅದರ ಹೆಸರು ಗೊತ್ತಿದ್ದು ಬರುವವರು ಕಡಿಮೆ. ಬಹಳ ಜನಕ್ಕೆ ನೆನಪಿರುವುದು ಬಣ್ಣ. ‘ಸಾರ್, ಆ ಕೆಂಪು ಪುಸ್ತಕ ಇತ್ತಲ್ಲ, ದಪ್ಪಗೆ’ ಎನ್ನುತ್ತಾರೆ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ‘ಕಿಟಕಿ ಪಕ್ಕ ಇತ್ತು ಕಣ್ರೀ, ಮೇಲೆ ಬಿಸಿಲು ಬೀಳ್ತಿತ್ತು’ ಎಂದು ಗುರುತು ಹೇಳಿ, ನಾನು ಒದ್ದಾಡುತ್ತಿದ್ದಾಗ ‘ಲೈಬ್ರೇರಿಯನ್ ಅಂತೀರ, ಇಷ್ಟೂ ಗೊತ್ತಾಗಲ್ವಾ?’ ಎಂದು ಬೇರೆ ಅಂದಿದ್ದರು. ಕಾಲೇಜಿನ ಗ್ರಂಥಪಾಲಕನಾಗಿ ತಲೆ ನರೆಸಿಕೊಂಡ ನನಗೆ ಈಗ ಇಂಥದ್ದಕ್ಕೆಲ್ಲ ಬೇಜಾರಾಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಅದೇ ಖುಷಿ. ಹೆಸರು ಹೇಳಿ ಪುಸ್ತಕ ಒಯ್ಯುವವನಿಂದ ನನಗೇನು ಸುಖ? ನಮ್ಮಲ್ಲಿ ಇಲ್ಲದ್ದನ್ನು, ಯಾರೂ ಕಾಣದ್ದನ್ನು, ಬೇರೆ ಊರಿನ ಗ್ರಂಥಾಲಯಗಳ ಕ್ಯಾಟಲಾಗಿನಲ್ಲಿ ಕೆದಕಿ ಎರವಲು ತರಿಸಿಕೊಡುವುದರಲ್ಲಿದೆ ಮಜಾ. ಕ್ಯಾಟಲಾಗಿನಲ್ಲಿ ಹೆಸರು, ಬರೆದವರು ಎಲ್ಲ ಆದ ಮೇಲೆ ಕೊನೆಗೆ ಒಂದು ಸಾಲಿರುತ್ತದೆ: ಎಷ್ಟು ಪುಟ, ಎಷ್ಟು ಎತ್ತರ, ಚಿತ್ರ ಇದೆಯೋ ಇಲ್ಲವೋ. ಯಾರೂ ಓದದ ಆ ಸಾಲನ್ನು ನಾನು ಜಾತಕದ ಹಾಗೆ ಓದುತ್ತೇನೆ. ‘ಇದಕ್ಕೂ ಸಂಬಳ ಕೊಡ್ತಾರಲ್ಲ ನಿಮ್ಗೆ!’ ಎಂದು ನನ್ನ ಹೆಂಡತಿ ಇಂದಿಗೂ ಆಶ್ಚರ್ಯಪಡುತ್ತಾಳೆ.

ಇಷ್ಟೆಲ್ಲ ಜಂಬ ಇದ್ದದ್ದರಿಂದಲೇ ನಂಜಮ್ಮನವರ ಕೈಗೆ ಸಿಕ್ಕಿಬಿದ್ದೆ.

ನಮ್ಮ ಕಾಲೇಜು ಇರುವುದು ಯಲಹಂಕದ ಹತ್ತಿರದ ಸಿಂಗಾಪುರದಲ್ಲಿ, ಒಂದು ಕಾಲದ ಅವರ ರಾಗಿಹೊಲದ ಮೇಲೆ. ಹೊಲ ಮಾರಿ ಎಷ್ಟೋ ವರ್ಷವಾಗಿದ್ದರೂ, ಮಗ ಸುತ್ತಮುತ್ತ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದರೂ, ನಂಜಮ್ಮನವರ ಲೆಕ್ಕದಲ್ಲಿ ಅದಿನ್ನೂ ಹೊಲವೇ. ಗೇಟಿನವರು ಅವರನ್ನು ತಡೆಯುವುದಿಲ್ಲ. ಒಂದು ಬೆಳಿಗ್ಗೆ ಸೀದಾ ಒಳಗೆ ಬಂದು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

“ಮೇಷ್ಟ್ರೇ, ಒಂದು ಪುಸ್ತಕ ಬೇಕಾಗಿತ್ತು.”

“ಯಾವ್ದು ಅಜ್ಜಿ?”

“ಅಸುರು ಬಣ್ಣದ್ದು.”

ಉಳಿದದ್ದನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ನಂಜಮ್ಮ ಇನ್ನೂ ಲಂಗ ಹಾಕುತ್ತಿದ್ದಾಗ ಕನ್ನಡಕದ ಮೇಷ್ಟ್ರೊಬ್ಬರು ಸೈಕಲ್ಲಿನಲ್ಲಿ ಬಂದು, ಇವರ ತಾಯಿ ಮುನಿಯಮ್ಮನಿಂದ ಮದುವೆ ಪದಗಳನ್ನು ಹೇಳಿಸಿ ಬರೆದುಕೊಂಡರಂತೆ. ಊಟಕ್ಕೆ ಕೂರಿಸಿದರೆ ಬಿಸಿ ಮುದ್ದೆ ನುಂಗಲು ಹೋಗಿ ಬಾಯಿ ಸುಟ್ಟುಕೊಂಡರಂತೆ. ಆಮೇಲೆ ಅಚ್ಚಾದ ಒಂದು ಪುಸ್ತಕ ತಂದುಕೊಟ್ಟರು. ಅದು ಮನೆಯಲ್ಲಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು.

“ನಮ್ಮವ್ವ ನನ್ ಮದ್ವೇಲಿ ಅರಿಶಿಣ ಹಚ್ಚೋವಾಗ ಅದೇ ಪದ ಹೇಳಿದ್ಳು. ನನ್ ಮಗಳಿಗೆ ನಾನ್ ಹೇಳ್ದೆ. ಈಗ ಮೊಮ್ಮಗಳ ಮದ್ವೆ ಬಂದೈತೆ, ನೋಡಿದ್ರೆ ನಡುಮಧ್ಯ ಮರ್ತೇ ಹೋಗೈತೆ. ಮೊದ್ಲೂ ಐತೆ, ಕೊನೇನೂ ಐತೆ. ನಡುವೆ ಇಲ್ಲ. ಇಂಗಾದ್ರೆ ಎಂಗೆ ಮೇಷ್ಟ್ರೇ? ಅರ್ಧ ಅರಿಶಿಣ ಹಚ್ಚಿ ಎದ್ದೋಗಕ್ಕಾಯ್ತದಾ?”

ಕಷ್ಟ ಅಜ್ಜಿ, ಎಂದು ರಾಗ ಎಳೆದೆ. ಅವರು ಸುತ್ತ ನೋಡಿದರು. “ನಮ್ ಒಲದಾಗೇ ಕುಂತ್ಕಂಡು ನಮಗೊಂದು ಪುಸ್ತಕ ತರಿಸಿಕೊಡಕ್ಕಾಗಲ್ವಾ?”

ತರಿಸಿಕೊಡ್ತೀನಿ ಅಂದುಬಿಟ್ಟೆ. ಮದುವೆಗೆ ಇದ್ದದ್ದು ಎರಡೇ ವಾರ.

ಸಿಂಗಾಪುರ ಎಂದು ಹುಡುಕಿದರೆ ವಿಮಾನ ಹತ್ತಿ ಹೋದವರ ಪ್ರವಾಸ ಕಥನಗಳೇ ಸಾಲುಗಟ್ಟಿ ಬಂದವು. ಮದುವೆ ಪದ, ಉತ್ತರ ತಾಲ್ಲೂಕು ಎಂದೆಲ್ಲ ಜಾಲಾಡಿದ ಮೇಲೆ ದೂರದ ಒಂದು ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಅದು ಸಿಕ್ಕಿತು. ನಮ್ಮ ಸೀಮೆಯ ಮದುವೆ ಪದಗಳು, ಮೂವತ್ತಾರು ಪುಟ, ಯಲಹಂಕದ ಒಂದು ಪ್ರೆಸ್ಸಿನಲ್ಲಿ ಅಚ್ಚಾದದ್ದು. ಕುಣಿಯಬೇಕೆನ್ನುವಷ್ಟರಲ್ಲಿ ಕೆಳಗೆ ನೋಡಿದೆ: ‘ಕಳೆದಿದೆ’. ಬೇರೆ ಯಾವ ಗ್ರಂಥಾಲಯದಲ್ಲೂ ಆ ಹೆಸರೇ ಇಲ್ಲ. ಎರಡು ದಿನ ನನಗೆ ಊಟ ಸೇರಲಿಲ್ಲ.

ಆಮೇಲೆ ಹೊಳೆಯಿತು. ತೆಳ್ಳಗಿನ ಪುಸ್ತಕಗಳು ಕಪಾಟಿನಲ್ಲಿ ನಿಲ್ಲುವುದಿಲ್ಲ, ಸಂದಿಯಲ್ಲಿ ಬಿದ್ದು ಕಳೆದುಹೋಗುತ್ತವೆ. ಅದಕ್ಕೇ ಹಿಂದಿನವರು ಇಂಥ ಮೂರು ನಾಲ್ಕನ್ನು ಒಟ್ಟು ಸೇರಿಸಿ ಒಂದೇ ರಟ್ಟು ಹಾಕಿಸುತ್ತಿದ್ದರು. ಬೈಂಡಿನವರಿಗೆ ವಿಷಯದ ಹಂಗಿಲ್ಲ, ಅಳತೆ ಒಂದಾದರೆ ಸಾಕು. ಕ್ಯಾಟಲಾಗಿನಲ್ಲಿ ಮೊದಲನೆಯದರ ಹೆಸರು ಮಾತ್ರ ಏರುತ್ತಿತ್ತು, ಉಳಿದವು ಹೆಸರಿಲ್ಲದೆ ಒಳಗೆ ಮಲಗಿರುತ್ತಿದ್ದವು. ಆ ಯಲಹಂಕದ ಪ್ರೆಸ್ಸಿನಲ್ಲಿ ಅಚ್ಚಾದದ್ದು ಎಲ್ಲೆಲ್ಲಿ ಏನೇನಿದೆ ಎಂದು ಹುಡುಕುತ್ತ ಹೋದೆ. ನಗರದ ದಕ್ಷಿಣದ ತುದಿಯ ಹಳೆಯ ಗ್ರಂಥಾಲಯವೊಂದರಲ್ಲಿ ‘ಮನೆಯಂಗಳದಲ್ಲಿ ಕೋಳಿ ಸಾಕಣೆ’ ಎಂಬುದೊಂದಿತ್ತು. ಪುಟಗಳು: ನಲವತ್ತೆಂಟು, ಮೂವತ್ತಾರು, ಇಪ್ಪತ್ತು. ಒಂದು ಕೋಳಿಗೆ ಮೂರು ಲೆಕ್ಕ ಯಾಕೆ? ನಡುವಿನ ಮೂವತ್ತಾರು ನನ್ನನ್ನೇ ನೋಡುತ್ತಿತ್ತು.

ಅಲ್ಲಿಯ ಗ್ರಂಥಪಾಲಕಿ ಪದ್ಮಾ ಮೇಡಂಗೆ ಫೋನ್ ಮಾಡಿ, ಸ್ವಲ್ಪ ತೆಗೆದು ನೋಡಿ ಹೇಳಿ ಎಂದೆ.

“ಅದು ಮೇಲಿನ ಅಟ್ಟದಲ್ಲಿದೆ ಸಾರ್. ಲೆಟರ್ ಬಂದ್ರೇನೇ ಇಳಿಸೋದು. ಅಲ್ಲ, ಕೋಳಿ ಪುಸ್ತಕ ನಿಮ್ಗ್ಯಾಕೆ? ಸಾಕ್ತಿದೀರಾ?”

ಲೆಟರಿಗೆ ಪ್ರಿನ್ಸಿಪಾಲರ ಸಹಿ ಬೇಕು. ಅವರು ಓದಿ ಕನ್ನಡಕ ತೆಗೆದರು. “ನಮ್ದು ಕಾಮರ್ಸ್ ಕಾಲೇಜು ಅಲ್ವೇನ್ರೀ?” ನಂಜಮ್ಮನವರಿಗೆ ಬೇಕಂತೆ ಎಂದೆ. ಮರುಮಾತಿಲ್ಲದೆ ಸಹಿ ಬಿತ್ತು.

ಮರುದಿನ ಆ ಗ್ರಂಥಾಲಯದ ಮೇಜಿನ ಮೇಲೆ ಧೂಳು ಹೊಡೆದ ಕೆಂಪು ರಟ್ಟಿನ ಪುಸ್ತಕ ನನ್ನ ಮುಂದೆ ಬಂತು. ಹುಂಜ, ಹ್ಯಾಟೆ, ಕಾವು, ಕೊಕ್ಕರೆ ರೋಗ. ನಲವತ್ತೆಂಟನೆಯ ಪುಟದವರೆಗೂ ಕೋಳಿಯೇ. ತಿರುವಿದರೆ ಹಸಿರು ಹೊದಿಕೆ! ನಮ್ಮ ಸೀಮೆಯ ಮದುವೆ ಪದಗಳು! “ಸಿಕ್ತು ಕಣ್ರೀ!” ಎಂದು ಕೂಗಿಬಿಟ್ಟೆ. ಓದುತ್ತಿದ್ದವರೆಲ್ಲ ಒಟ್ಟಿಗೆ “ಶ್!” ಎಂದರು. ಜೀವಮಾನವೆಲ್ಲ ನಾನು ಬೇರೆಯವರಿಗೆ ಹೇಳಿದ ಮಾತು ಅದು, ಹೀಗೆ ನನಗೇ ಕೇಳಿಸಿದ್ದು ಮೊದಲ ಸಲ. ಎರವಲಿಗೆ ಸಹಿ ಹಾಕಿ, ಪುಸ್ತಕ ಹಿಡಿದು ಮೆಟ್ರೋದಲ್ಲಿ ನಾಗಸಂದ್ರಕ್ಕೆ ಬರುವಷ್ಟರಲ್ಲಿ ಖುಷಿಗೆ ಕೋಳಿಯ ಭಾಗವನ್ನೂ ಪೂರ್ತಿ ಓದಿ ಮುಗಿಸಿದೆ.

ಆದರೆ ಎರವಲು ಪುಸ್ತಕಕ್ಕೊಂದು ಕಟ್ಟಳೆ ಇತ್ತು: ನಮ್ಮ ಗ್ರಂಥಾಲಯದ ಬಾಗಿಲು ದಾಟಿ ಹೊರಗೆ ಹೋಗಕೂಡದು. ಅಜ್ಜಿಗೆ ಹೇಳಿದೆ. “ಅದಕ್ಕೇನಂತೆ, ನಾವೇ ಬತ್ತೀವಿ” ಎಂದರು. ಮಧ್ಯಾಹ್ನ ಬಂದೇಬಿಟ್ಟರು, ಮಗಳು, ಸೊಸೆ, ನಾದಿನಿ, ಮದುಮಗಳು, ಅವಳ ಕೈಯಲ್ಲಿ ಕೋಡುಬಳೆ ಡಬ್ಬಿ. ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೇ ಕೂತರು. ಅಜ್ಜಿಗೆ ಓದು ಬರದು. ನಾನು ಓದಬೇಕು, ಅವರು ಹಿಡಿದುಕೊಳ್ಳಬೇಕು. ಗಂಟಲು ಸರಿಮಾಡಿಕೊಂಡು ಓದಿದೆ. ಮರೆತ ಜಾಗ ಬಂತು. ಅರ್ಧ ಸಾಲು ಓದಿದ್ದೆನೋ ಇಲ್ಲವೋ, ಅಜ್ಜಿ ನನ್ನ ಮೊಣಕೈ ಹಿಡಿದು ನಿಲ್ಲಿಸಿ, ಉಳಿದದ್ದನ್ನು ಕಣ್ಣು ಮುಚ್ಚಿಕೊಂಡು ತಾವೇ ಹಾಡಿದರು. ಕೊನೆಯವರೆಗೂ ಒಂದು ಕಡೆಯೂ ತಡವರಿಸಲಿಲ್ಲ. ಓದುತ್ತಿದ್ದ ಹುಡುಗರು ಫೋನ್ ಕೆಳಗಿಟ್ಟರು. ‘ಶ್’ ಎನ್ನಬೇಕಾದ ನಾನು ಮೂಗು ಒರೆಸಿಕೊಳ್ಳುತ್ತಿದ್ದೆ.

ಪುಸ್ತಕದ ಕೊನೆಯಲ್ಲಿ ಪದ ಹೇಳಿಕೊಟ್ಟವರ ಹೆಸರುಗಳಿದ್ದವು. “ನಮ್ಮವ್ವ ಎಲ್ಲವ್ಳೆ, ತೋರ್ಸಿ” ಎಂದರು. ಅವರ ಬೆರಳು ಹಿಡಿದು ‘ಮುನಿಯಮ್ಮ, ಸಿಂಗಾಪುರ’ ಎಂಬಲ್ಲಿ ಇಟ್ಟೆ. ಆ ಬೆರಳು ತುಂಬ ಹೊತ್ತು ಅಲ್ಲೇ ಇತ್ತು.

ಪುಸ್ತಕ ವಾಪಸಾಯಿತು. ಒಳಗಿದ್ದ ಇನ್ನೆರಡರ ಹೆಸರನ್ನೂ ಪದ್ಮಾ ಮೇಡಂ ಕ್ಯಾಟಲಾಗಿಗೆ ಏರಿಸಿದರು. ಮದುವೆಗೆ ನಾನೂ ನನ್ನ ಹೆಂಡತಿಯೂ ಹೋದೆವು. ನನ್ನ ಶ್ರಮ, ನನ್ನ ಪತ್ತೇದಾರಿ ಬುದ್ಧಿ, ಆ ಮೂವತ್ತಾರು ಪುಟದ ಸೂಕ್ಷ್ಮ ಎಲ್ಲವನ್ನೂ ಹೇಳಿಕೊಳ್ಳಲು ಇಸ್ತ್ರಿ ಶರ್ಟು ಹಾಕಿಕೊಂಡು ತಯಾರಾಗಿದ್ದೆ. ನಂಜಮ್ಮ ನನ್ನ ಕೈ ಹಿಡಿದು ಬೀಗರ ಮುಂದೆ ನಿಲ್ಲಿಸಿದರು. “ಕೋಳಿ ಪುಸ್ತಕದಾಗಿಂದ ನಮ್ಮವ್ವನ್ನ ಉಡ್ಕಿಕೊಟ್ಟೋರು ಇವರೇಯ.”

ಬೀಗರ ಕಿವಿಗೆ ಬಿದ್ದದ್ದು ಕೋಳಿ ಮಾತ್ರ. ಗೌರವದಿಂದ ಪಕ್ಕಕ್ಕೆ ಕರೆದು, “ಸಾರ್, ನಮ್ ನಾಟಿ ಕೋಳಿ ಕಾವಿಗೇ ಕೂರ್ತಿಲ್ಲ, ಏನ್ಮಾಡೋದು?” ಎಂದರು. ನಾನು ಗ್ರಂಥಪಾಲಕ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೆಟ್ರೋದಲ್ಲಿ ಓದಿದ್ದು ನೆನಪಾಯಿತು. ಕತ್ತಲೆ ಮೂಲೆ, ಕುಕ್ಕೆಗೆ ಒಣಹುಲ್ಲು ಎಂದು ಶುರುಮಾಡಿದವನು, ಹೆಂಡತಿ ಊಟಕ್ಕೆ ಕರೆಯುವವರೆಗೂ ನಿಲ್ಲಿಸಲಿಲ್ಲ.