ಮಂಜಿನ ಗಾಡಿಗೆ ಮೀನಿನ ಐಸ್

ಗ್ಯಾರೇಜಿನಲ್ಲಿ ಫೋರ್‌ಮನ್ ಆದವನನ್ನು ಅವನಿಗೆ ಗೊತ್ತಿಲ್ಲದ ಕೆಲಸವೇ ಹುಡುಕಿಕೊಂಡು ಬರುತ್ತದೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹನ್ನೊಂದು ವರ್ಷ ಕೈ ಕಪ್ಪು ಮಾಡಿಕೊಂಡ ನನಗೆ ಇದು ಹೊಸದಲ್ಲ. ಆದರೂ ಇಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುವರ್ಷ ಬಂದ ಸ್ನೋಮೊಬೈಲ್ ಸ್ವಲ್ಪ ಜಾಸ್ತಿಯಾಯಿತು.

ಚಕ್ರ ಎಲ್ಲಿ?

ನಮ್ಮ ಹಳೆಯ ಗಿರಾಕಿ, ಕತಾರಿನವರೇ ಆದ ಒಬ್ಬ ಅರ್ಬಾಬ್, ಅಂದರೆ ಧಣಿ, ಅದನ್ನು ಪಿಕಪ್‌ನಿಂದ ಇಳಿಸಿದರು. ಮುಂದೆ ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಬೈಕಿನ ಸೀಟು. ನಮ್ಮ ಹಿರಿಯ ಮೆಕ್ಯಾನಿಕ್ ಉಡುಪಿಯ ಕಾಪು ಕಡೆಯವನು. ಅದಕ್ಕೆ ಎರಡು ಸುತ್ತು ಬಂದು, "ಮಾರಾಯ್ರೇ, ಯಾರೋ ಚಕ್ರ ಕದ್ದಿದ್ದಾರೆ" ಎಂದ.

"ಇದು ಮಂಜಿನ ಮೇಲೆ ಓಡುವುದು," ಎಂದರು ಅರ್ಬಾಬ್. ಚಳಿಗಾಲಕ್ಕೆ ಮನೆಯವರ ಜೊತೆ ಟರ್ಕಿಯ ಬೆಟ್ಟಕ್ಕೆ ಹೋಗುವವರು. ಗಾಡಿ ಮೊದಲೇ ಹಡಗಿನಲ್ಲಿ ಹೋಗಬೇಕು. ಮ್ಯಾನುವಲ್‌ನ ಕೊನೆಗೆ ಒಂದು ಚೆಕ್‌ಲಿಸ್ಟ್ ಇತ್ತು: ಬ್ರೇಕ್, ಬೆಲ್ಟ್, ಲೈಟ್, ಪಟ್ಟಿಯ ಬಿಗಿ. ಎಲ್ಲಕ್ಕೂ ಟಿಕ್ ಹಾಕಿ 'ಸವಾರಿಗೆ ಸುರಕ್ಷಿತ' ಎಂಬಲ್ಲಿ ನಾನು ಸಹಿ ಮಾಡಬೇಕು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾನು ಕಂಡ ಮಂಜು ಎಂದರೆ ಫ್ರಿಜ್ಜಿನೊಳಗಿನದು. ಅದನ್ನೂ ನನ್ನ ಹೆಂಡತಿ ತಿಂಗಳಿಗೊಮ್ಮೆ ಕೆರೆದು ಬಿಸಾಡುತ್ತಾಳೆ.

ಕೂಲಂಟ್

ಮಂಜಿಲ್ಲದ ಕಡೆ ಎಂಜಿನ್ ಓಡಿಸಬೇಡಿ ಎಂದು ಮ್ಯಾನುವಲ್ ದಪ್ಪಕ್ಷರದಲ್ಲಿ ಹೇಳುತ್ತಿತ್ತು. ಪಟ್ಟಿ ಎರಚುವ ಮಂಜಿನಿಂದಲೇ ಎಂಜಿನ್ ತಣ್ಣಗಾಗುವುದಂತೆ; ಅದೇ ಅದರ ಕೂಲಂಟ್. ಹೊರಗೆ ಅಕ್ಟೋಬರಿನ ಬಿಸಿಲು.

"ಐಸ್ ತಾನೇ? ಮೀನು ಮಾರ್ಕೆಟ್ಟಿನಲ್ಲಿ ನಮ್ಮೂರಿನವನಿದ್ದಾನೆ," ಎಂದು ಮೆಕ್ಯಾನಿಕ್ ಎಂಟು ಪೆಟ್ಟಿಗೆ ಪುಡಿ ಐಸ್ ತಂದ. ಗಾಡಿಯ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಎಂಜಿನ್ ಓಡಿಸಿ, ಅಡಿಗೆ ಐಸ್ ಸುರಿದೆವು. ಪಟ್ಟಿಯು ಐಸನ್ನೂ ಅದರೊಳಗೆ ಉಳಿದಿದ್ದ ನಾಲ್ಕು ಬಂಗುಡೆಯನ್ನೂ ಹಿಂದಿನ ಗೋಡೆಗೆ ಅಂಟಿಸಿತು. ಎಂಜಿನ್ ಮಾತ್ರ ತಣ್ಣಗಿತ್ತು. ಟಿಕ್ ಹಾಕಿದೆ.

ಸಂಜೆ ಬಂದ ಅರ್ಬಾಬ್ ಮೂಗು ಅರಳಿಸಿದರು. "ಏನಿದು ವಾಸನೆ?"

"ಕೂಲಂಟ್, ಅರ್ಬಾಬ್."

ಗಾಡಿಯ ಸುತ್ತ ಕೂತಿದ್ದ ಆರು ಬೆಕ್ಕುಗಳ ಬಗ್ಗೆ ಅವರು ಕೇಳಲಿಲ್ಲ. ಚೆಕ್‌ಲಿಸ್ಟ್‌ನಲ್ಲೂ ಅದು ಇರಲಿಲ್ಲ.

ನಿಂಬೆಹಣ್ಣು

ಅದೇ ವಾರ ಆಯುಧಪೂಜೆ. ಶಟರ್ ಅರ್ಧ ಎಳೆದು ಸದ್ದಿಲ್ಲದೆ ಮುಗಿಸುವುದು ನಮ್ಮ ರೂಢಿ. ನಾನು ಇಗರ್ಜಿಗೆ ಹೋಗುವ ಕ್ರೈಸ್ತನಾದರೂ ಅವಲಕ್ಕಿ ಪ್ರಸಾದ ತಪ್ಪಿಸಿಕೊಂಡವನಲ್ಲ. ಮೆಕ್ಯಾನಿಕ್ ನಿಂಬೆಹಣ್ಣು ಹಿಡಿದು ಯೋಚಿಸುತ್ತ ನಿಂತ. ಚಕ್ರವೇ ಇಲ್ಲ, ಎಲ್ಲಿ ಇಡುವುದು? ಕೊನೆಗೆ ಮುಂದಿನ ಹಲಗೆಗಳ ಅಡಿಗೆ ಒಂದೊಂದು ತೂರಿಸಿ ಹಿಂದಿನಿಂದ ನೂಕಿದ. ಗಟ್ಟಿ ನಿಂಬೆ. ಒಡೆಯಲಿಲ್ಲ, ಉರುಳಿತು. ಗಾಡಿಯೂ ಜೊತೆಗೇ ಹೋಯಿತು.

"ಚಕ್ರ ಸಿಕ್ಕಿತು," ಎಂದ ಮೆಕ್ಯಾನಿಕ್.

ಕೆಂಪು ದಾರ

ಚೆಕ್‌ಲಿಸ್ಟ್‌ನಲ್ಲಿ ಉಳಿದದ್ದು ಒಂದು ಕೆಂಪು ದಾರ. ಅದರ ಒಂದು ತುದಿ ಗಾಡಿಗೆ, ಇನ್ನೊಂದು ಸವಾರನ ಬಟ್ಟೆಗೆ. ಸವಾರ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ.

ಅರ್ಬಾಬ್ ದಾರ ಸಿಕ್ಕಿಸಿಕೊಂಡು ಕೂತು ಎಂಜಿನ್ ಸ್ಟಾರ್ಟ್ ಮಾಡಿದರು. ಫೋನ್ ಬಂತೆಂದು ಇಳಿದರು. ಎಂಜಿನ್ ನಿಂತಿತು. ಮತ್ತೆ ಹತ್ತಿದರು, ಚಾ ಬಂತೆಂದು ಇಳಿದರು. ಮತ್ತೆ ನಿಂತಿತು.

"ಇಳಿದರೆ ಬಂದ್ ಆಗುತ್ತದೆ. ಖರಾಬ್!"

ಅವರ ತಪ್ಪಲ್ಲ. ಇಲ್ಲಿ ಇಳಿಯುವಾಗ ಎಂಜಿನ್ ನಿಲ್ಲಿಸುವ ಪದ್ಧತಿಯೇ ಇಲ್ಲ. ಅಂಗಡಿಗೆ ಹೋಗಲಿ, ಮದುವೆಗೆ ಹೋಗಲಿ, ಗಾಡಿ ಎಸಿ ಹಾಕಿಕೊಂಡು ಹೊರಗೆ ಕಾಯುತ್ತಿರುತ್ತದೆ. ಆಗಲೂ ಅವರ ದೊಡ್ಡ ಬಿಳಿ ಜೀಪು ಗೇಟಿನ ಬಳಿ ಗುರುಗುಡುತ್ತಲೇ ಇತ್ತು.

"ದಾರ ತೆಗೆದು ಡೈರೆಕ್ಟ್ ಮಾಡು. ಯಲ್ಲಾ, ಬೇಗ!"

"ತೆಗೆದರೆ ನಾನು ಸಹಿ ಹಾಕುವುದಿಲ್ಲ, ಅರ್ಬಾಬ್."

ಹೇಳುವುದೇನೋ ಹೇಳಿಬಿಟ್ಟೆ. ಗ್ಯಾರೇಜಿನ ಅರ್ಧ ಕೆಲಸ ಅವರದು. ಮಾಲೀಕರಿಗೆ ಅವರು ಒಂದು ಮಾತು ಹೇಳಿದರೆ ನಾನು ಊರಿಗೆ ಹೋಗುವ ವಿಮಾನದಲ್ಲಿರುತ್ತೇನೆ. ಅವರೂ ಅದನ್ನೇ ಹೇಳಿದರು: "ಅಲ್ಲಿ ತೊಂದರೆಯಾದರೆ ನೀನು ಖಲಾಸ್." ದಾರ ಇದ್ದ ಹಾಗೆಯೇ ಸಹಿ ಹಾಕಿ ಕಳಿಸಿದೆ.

ಜನವರಿಯಲ್ಲಿ ಟರ್ಕಿಯಿಂದ ಫೋನ್ ಬಂತು. "ನಿನ್ನ ಗಾಡಿ ಬಂದ್ ಆಯಿತು."

"ಯಾವಾಗ, ಅರ್ಬಾಬ್?"

"ನಾನು ಬಿದ್ದಾಗ. ಎದುರಿಗೆ ನನ್ನ ತಾಯಿ ಕುರ್ಚಿ ಹಾಕಿ ಚಾ ಕುಡಿಯುತ್ತಿದ್ದರು. ಎರಡು ಮೊಳ ಇರುವಾಗ ನಿಂತಿತು."

ನನಗೆ ಕಣ್ಣು ತುಂಬಿ ಬಂತು.

"ದಾರ ಒಳ್ಳೆಯದು," ಎಂದು ಫೋನ್ ಇಟ್ಟರು.

ವಾಪಸಾದವರು ನೇರ ಗ್ಯಾರೇಜಿಗೆ ಬಂದರು. ಗೇಟಿನ ಬಳಿ ಜೀಪಿನ ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿ ಇಳಿದರು! ನೋಡಲು ಎಲ್ಲರೂ ಕೆಲಸ ಬಿಟ್ಟು ಹೊರಗೆ ಬಂದೆವು. ನನ್ನ ಕೈ ಹಿಡಿದು ಕುಲುಕಿ, ಚಾ ಕುಡಿದು ಹೊರಟರು. ಕೀ ತಿರುಗಿಸಿದರೆ ಜೀಪು ಉಸಿರೇ ಎತ್ತಲಿಲ್ಲ. ಬಾನೆಟ್ ತೆಗೆದು ನೋಡಿದರೆ ಬ್ಯಾಟರಿ ಸತ್ತು ತಿಂಗಳುಗಳೇ ಆಗಿದ್ದವು. ದಿನಾ ಬೆಳಿಗ್ಗೆ ಅವರ ಡ್ರೈವರ್ ಬೇರೆ ಗಾಡಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿಡುತ್ತಿದ್ದನಂತೆ. ಆಮೇಲೆ ದಿನವಿಡೀ ಅದು ನಿಂತದ್ದೇ ಇಲ್ಲ.

ಅರ್ಬಾಬ್ ಬ್ಯಾಟರಿ ನೋಡಿದರು, ನನ್ನನ್ನು ನೋಡಿದರು.

"ನಾನು ಮೊದಲೇ ಹೇಳಲಿಲ್ಲವಾ? ಇಳಿದಾಗ ಬಂದ್ ಆದರೆ ಗಾಡಿ ಖರಾಬ್!"