ತಪ್ಪು ತೊಗಲಿನದಲ್ಲ

ಹೊಟ್ಟೆನೋವಿನವರು ಹೊಟ್ಟೆಯ ಮಾತಷ್ಟೇ ಆಡಿ ಹೋಗುತ್ತಾರೆ. ತಲೆಯ ಡಾಕ್ಟರನ ಹತ್ತಿರ ಬಂದವರು ಮಾತ್ರ ಅವನ ತಲೆಯನ್ನೂ ತಿಂದು ಹೋಗುತ್ತಾರೆ. ನಾನು ಚಿಕ್ಕೋಡಿಯವನು. ಎಂಬತ್ತರ ದಶಕದ ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದೆ. ಪ್ರೊಫೆಸರರು ನನ್ನ ಕೊರಳಿಗೆ ಒಂದು ಸಂಶೋಧನೆ ಕಟ್ಟಿದ್ದರು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿ ಇರುತ್ತದೆ. ಅದರಲ್ಲಿ ಗಡ್ಡೆಯಾದರೆ ಕೆಲವರಿಗೆ ನಡುವಯಸ್ಸಿನಲ್ಲೂ ಕೈಕಾಲು, ಮೂಗು, ಗದ್ದ ಬೆಳೆಯುತ್ತ ಹೋಗುತ್ತವೆ. ಬಿಟ್ಟರೆ ಕಣ್ಣೂ ಹೋಗುತ್ತದೆ. "ನಿಮ್ಮ ಕಡೆ ಇಂಥವರನ್ನು ಹುಡುಕು" ಎಂದರು. ಸಿಗದಿದ್ದರೆ ಪ್ರಬಂಧವಿಲ್ಲ, ಡಿಗ್ರಿಯೂ ಇಲ್ಲ.

೧. ಹಳೆಯ ಫೋಟೋ

ನಿಪ್ಪಾಣಿಯಲ್ಲಿ ಶಿಬಿರ ಹೂಡಿದೆ. "ಕೈಕಾಲ ದಪ್ಪ ಆಗ್ಯಾವೇನ್ರಿ?" ಎಂದು ಕೇಳಿದ್ದೇ ತಡ, ಸಾಲಿಗೆ ಸಾಲೇ ಕೈ ಎತ್ತಿತು. ತಂಬಾಕಿನ ಹೊಲದಲ್ಲಿ ದುಡಿದ ಕೈಗಳು ಇನ್ನು ಹೇಗಿರಬೇಕು? ಮುಖ ಎಷ್ಟು ಬದಲಾಗಿದೆ ಎಂದು ತಿಳಿಯಲು, ವಯಸ್ಸಿನಲ್ಲಿದ್ದಾಗಿನ ಫೋಟೋ ತರಲು ಹೇಳಿದೆ.

ಮರುದಿನ ಬೇಡಕಿಹಾಳದ ಒಬ್ಬ ಅಜ್ಜ ಗಾಜಿನ ಚೌಕಟ್ಟಿನ ಸಮೇತ ಮದುವೆಯ ಫೋಟೋವನ್ನೇ ಹೊತ್ತು ತಂದರು. ವರನ ಮುಖವೆಲ್ಲ ಬಾಸಿಂಗ, ಹೂವಿನ ಸರಗಳಲ್ಲಿ ಮುಚ್ಚಿಹೋಗಿತ್ತು.

"ಅಜ್ಜಾರ, ಇದರಾಗ ನಿಮ್ಮ ಮಾರಿನ ಕಾಣವಲ್ದಲ್ರಿ!"

"ಕಂಡಿದ್ರ ಹೆಣ್ಣ ಯಾರ ಕೊಡತಿದ್ರ್ರಿ?" ಎಂದರು ಅಜ್ಜ.

೨. ಬೈಗುಳ ನಿಂತಿತು

ಸಂಶೋಧನೆ ಇರಲಿ ಬಿಡಲಿ, ವಾರ್ಡಿನ ಪಾಳಿ ತಪ್ಪುತ್ತಿರಲಿಲ್ಲ. ಒಂದು ದಿನ ರಾಯಬಾಗ ಕಡೆಯ ರೈತನೊಬ್ಬ ಹೆಂಡತಿಯನ್ನು ಕರೆತಂದ. ಆಕೆ ಸುಮ್ಮನೆ ಗೋಡೆ ನೋಡುತ್ತ ಕೂತಿದ್ದಳು.

"ಏನ ತ್ರಾಸ ಐತಿ?"

"ಎಂಟ ದಿನಾ ಆತ್ರಿ, ನನಗ ಬೈದೇ ಇಲ್ಲ."

ವಾರ್ಡೆಲ್ಲ ನಕ್ಕಿತು. ಸುಳ್ಳೇಕೆ, ನಾನೂ ನಕ್ಕೆ. "ಊರಾಗೂ ಪೇಢೆ ಹಂಚು ಅಂತ ನಗತಾರ್ರಿ" ಎನ್ನುತ್ತ ಆ ಮನುಷ್ಯ ಅಳತೊಡಗಿದ. ನನಗೆ ನಾಚಿಕೆಯಾಯಿತು. ಕೆದಕಿ ಕೇಳಿದಾಗ ಗೊತ್ತಾಯಿತು: ತಿಂಗಳ ಹಿಂದೆ ಕೊಟ್ಟಿಗೆಯ ತೊಲೆ ಆಕೆಯ ತಲೆಗೆ ಬಡಿದಿತ್ತು. ಒಳಗೆ ರಕ್ತ ನಿಧಾನವಾಗಿ ಜಿನುಗಿ ಮೆದುಳನ್ನು ಅದುಮುತ್ತಿತ್ತು. ಅವಳ ರೋಗವನ್ನು ಮೊದಲು ಹಿಡಿದವನು ಬೈಸಿಕೊಳ್ಳುವವನೇ.

ತಲೆ ಬೋಳಿಸಿ, ಬುರುಡೆಗೆ ಎರಡು ತೂತು ಕೊರೆದು ರಕ್ತ ತೆಗೆದೆವು. ಎಚ್ಚರವಾದವಳು ಮೊದಲು ತಲೆ ಸವರಿಕೊಂಡಳು, ಆಮೇಲೆ ಗಂಡನನ್ನು ನೋಡಿದಳು. "ನೀ ಗುಂಡಕಲ್ಲಿನಂಗ ಮುಂದ ಕುಂತೀ, ನನ್ನ ತಲಿ ಯಾಕ ಬೋಳಿಸ್ಯಾರ? ಸತ್ತೀಯೇನ ನೀ?"

ಗಂಡ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದ. "ಗುಣಾ ಆತ್ರಿ ಸಾಹೇಬ್ರ, ಪೂರಾ ಗುಣಾ ಆತು!"

೩. ಈ ಕಾಲು ಎಲ್ಲಿದೆ?

ವರ್ಷ ಮುಗಿಯುತ್ತ ಬಂದರೂ ನನ್ನ ಗಡ್ಡೆ ಸಿಕ್ಕಿರಲಿಲ್ಲ. ಚಪ್ಪಲಿ ಹರಿದಿತ್ತು ಎಂದು, ಚಪ್ಪಲಿಗೇ ಹೆಸರಾದ ಅಥಣಿಗೆ ಹೋದೆ. ಚಪ್ಪಲಿ ಹೊಲಿಯುವ ಅಜ್ಜ ನನ್ನ ಕಾಲನ್ನು ಕಾಗದದ ಮೇಲೆ ಇಡಿಸಿ ಸುತ್ತ ಪೆನ್ಸಿಲು ಎಳೆದ. ಗಿರಾಕಿಗಳ ಅಳತೆಯ ಕಾಗದಗಳನ್ನೆಲ್ಲ ಅವನು ಟ್ರಂಕಿನಲ್ಲಿ ಜೋಪಾನ ಮಾಡಿದ್ದ. ಮುಖ ಮಾತ್ರ ಬಾಡಿತ್ತು. ಯಾಕೆಂದು ಕೇಳಿದೆ.

"ಕಾಗವಾಡ ಕಡಿ ಒಬ್ರು ಗೌಡ್ರು ಅದಾರ್ರಿ. ವರ್ಷಾ ಬರತಾರ, ಜೋಡು ಬಿಗಿ ಆಗೇತಿ, ಹಲ್ಕಾ ತೊಗಲ ಹಾಕಿ, ಕುಗ್ಗೇತಿ ಅಂತ ಸಂತ್ಯಾಗ ನಿಂತ ಒದರತಾರ. ಗಿರಾಕಿ ಮುರದಾರ್ರಿ. ನಲವತ್ತ ವರ್ಷದ ಹೆಸರ ಹೋತು."

ಗೌಡರ ನಾಲ್ಕು ವರ್ಷದ ನಾಲ್ಕು ಕಾಗದ ತೆಗೆದು ತೋರಿಸಿದ. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದೆ. ಪ್ರತಿ ವರ್ಷದ ಗೆರೆ ಹಿಂದಿನದರ ಹೊರಗೆ ಬಂದಿತ್ತು. ನಾನು ಎದ್ದು ನಿಂತೇಬಿಟ್ಟೆ.

"ಅಜ್ಜಾ, ಈ ಕಾಲ ಎಲ್ಲೈತಿ?"

ಅಜ್ಜ ನನ್ನನ್ನು ಅನುಮಾನದಿಂದ ನೋಡಿದ. "ಗೌಡ್ರ ಹತ್ರಾನ ಐತ್ರಿ."

೪. ತಪ್ಪು ಯಾರದು

ಗೌಡರದ್ದು ಒಂದೇ ಸಿದ್ಧಾಂತ: ತಪ್ಪು ಯಾವಾಗಲೂ ಬೇರೆಯವರದು. ಉಂಗುರ ಬಿಗಿಯಾದರೆ ಅಕ್ಕಸಾಲಿಯದು. ಬಾಗಿಲ ಚೌಕಟ್ಟಿಗೆ ಭುಜ ಬಡಿದರೆ ಬಡಿಗನದು. ಕಾಗವಾಡಕ್ಕೆ ಹೋಗಿ ಪರೀಕ್ಷಿಸಿದರೆ ಎರಡೂ ಕಣ್ಣಿನ ಪಕ್ಕದ ನೋಟ ಆಗಲೇ ಹೋಗಿತ್ತು. ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆವು. ಗಡ್ಡೆ ಕೂತಿತ್ತು.

"ತಲಿ ಒಡ್ಯಾಕ ಕೊಡೂದಿಲ್ಲ."

"ತಲಿ ಒಡ್ಯೂದಿಲ್ರಿ ಗೌಡ್ರ, ಮೂಗಿನ ಒಳಗಿಂದ ಹೋಗತೀವಿ."

"ಆ ದಾರೀಲೆ ಮೂವತ್ತ ವರ್ಷ ತಪಕೀರ ಏರಿಸೀನಿ. ಒಮ್ಮೀನೂ ಅಲ್ಲೀತನಕಾ ಮುಟ್ಟಿಲ್ಲ. ನೀವ್ ಹ್ಯಾಂಗ ಮುಟ್ಟತೀರಿ?"

ಹಾಗೆನ್ನುತ್ತ ನಶ್ಯದ ಡಬ್ಬಿ ತೆರೆದು ಇನ್ನೊಂದು ಚಿಟಿಕೆ ಏರಿಸಿದರು. ಸಹಿ ಹಾಕಲೊಲ್ಲರು. ಅದೇ ಹೊತ್ತಿಗೆ ರಾಯಬಾಗದ ಆ ಹೆಣ್ಣುಮಗಳು ತಪಾಸಣೆಗೆ ಬಂದಿದ್ದಳು. ಸೆರಗು ಸರಿಸಿ ತಲೆ ತೋರಿಸಿಯೇಬಿಟ್ಟಳು.

"ನೋಡ್ರಿ ಗೌಡ್ರ, ನನಗ ಎರಡ ತೂತ ಹೊಸಾವ ಕೊರದಾರ. ನಿಮಗ ದೇವರ ಮೊದಲ ಕೊರದ ಕಳಿಸ್ಯಾನ. ಸುಮ್ನ ಸಹಿ ಹಾಕ್ರಿ!"

ಗೌಡರು ಹಾಕಿದರು.

ಗಡ್ಡೆ ಹೊರಬಂತು, ಕಣ್ಣು ಉಳಿಯಿತು, ನನ್ನ ಪ್ರಬಂಧವೂ ಉಳಿಯಿತು. ಇನ್ನು ಬಾಕಿಯಿದ್ದದ್ದು ಚಪ್ಪಲಿ ಹೊಲಿಯುವ ಅಜ್ಜನ ಹೆಸರು. ಸಂತೆಯಲ್ಲಿ ಒದರಿದವರು ಸಂತೆಯಲ್ಲೇ ತಪ್ಪೊಪ್ಪಿಕೊಳ್ಳಬೇಕು ಎಂದು ಕೆಲ ತಿಂಗಳ ಮೇಲೆ ಗೌಡರನ್ನು ನಾನೇ ಬಸ್ಸಿನಲ್ಲಿ ಅಥಣಿಗೆ ಕರೆದೊಯ್ದೆ. "ತಪ್ಪು ತೊಗಲಿಂದಲ್ಲ, ನನ್ನ ತಲೀದು" ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದೆ. ಅಜ್ಜ ಒಗೆದ ಪಟಕಾ ತಲೆಗೆ ಸುತ್ತಿಕೊಂಡು ಅಂಗಡಿಯ ಮುಂದೆ ಕಾದು ನಿಂತಿದ್ದ.

ಗೌಡರು ಇಳಿದು ನಾಲ್ಕು ಹೆಜ್ಜೆ ಇಟ್ಟರು. ಆಪರೇಶನ್ನಿಗೆ ಮುಂಚೆ ಹೊಲಿಸಿದ ಚಪ್ಪಲಿ ಕಾಲಿನಿಂದ ಕಳಚಿ ಬಿತ್ತು. ಬಾವು ಇಳಿದು ಕಾಲು ಸಣ್ಣದಾಗಿತ್ತು. ಗೌಡರು ಚಪ್ಪಲಿಯನ್ನು ಎತ್ತಿ ಹಿಡಿದು ತುಂಬಿದ ಸಂತೆಯಲ್ಲಿ ಒದರಿದರು: "ಏ ಅಜ್ಜಾ, ಇದೆಂಥಾ ತೊಗಲೋ? ಹಿಗ್ಗೇತಿ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಜ್ಜ ಹೊಸ ಕಾಗದ ಹಾಸಿ, ಗೌಡರ ಕಾಲು ಇಡಿಸಿ ಗೆರೆ ಎಳೆದ. ಹಳೆಯ ಕಾಗದದ ಮೇಲಿಟ್ಟು ಜನರಿಗೆಲ್ಲ ಕಾಣುವಂತೆ ಬೆಳಕಿಗೆ ಹಿಡಿದ. ಹೊಸ ಗೆರೆ ಹಳೆಯದರ ಒಳಗೆ ಕೂತಿತ್ತು.

ಗೌಡರು ಎರಡೂ ಗೆರೆಗಳ ಮೇಲೆ ಬೆರಳಾಡಿಸಿದರು.

"ಖರೇ ಐತಿ," ಎಂದು ಸಂತೆಗೆಲ್ಲ ಕೇಳುವಂತೆ ಒಪ್ಪಿಕೊಂಡರು. "ತಪ್ಪ ತೊಗಲಿಂದಲ್ಲ."

ಅಜ್ಜನ ಮುಖ ಅರಳಿತು. ಗೌಡರ ಮಾತು ಮಾತ್ರ ಇನ್ನೂ ಮುಗಿದಿರಲಿಲ್ಲ.

"ಪೆನ್ಸಿಲಿಂದು."