ಶಾರ್ಕಿನ ಹೊಟ್ಟೆಯಲ್ಲಿ ನಲವತ್ತು ಕ್ಯಾಂಡಲ್ ಬಲ್ಬು

ಧೈರ್ಯವಂತ ಅಂತ ಹೆಸರು ಮಾಡುವುದು ಸುಲಭ, ಆ ಹೆಸರು ಇಟ್ಟುಕೊಂಡು ಬಾಳುವುದು ಪ್ರಾಣಸಂಕಟ. ನಾನು ಹುಟ್ಟಾ ಪುಕ್ಕಲ. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳವನ್ನು ಕಿತ್ತು ಬಿಸಾಕಬಲ್ಲೆ, ಆದರೆ ಅದನ್ನು ನಮ್ಮ ಮೂಡಿಗೆರೆ ಕಡೆ ಯಾರೂ ಧೈರ್ಯ ಅನ್ನುವುದಿಲ್ಲ. ಜಿರಳೆ ಹಾರಿತೋ, ನನ್ನ ಗಂಟಲಿನಿಂದ ಒಂದು ಸ್ವರ ಹೊರಡುತ್ತದೆ. ಅದನ್ನು ವರ್ಣಿಸಲು ನನಗೇ ನಾಚಿಕೆ. ಪಕ್ಕದ ಮನೆಯವರು ಏನೆಂದುಕೊಂಡಾರೋ ಅಂತ ನನ್ನ ಹೆಂಡತಿ ಪದ್ಮ ಮೊದಲು ಓಡಿಹೋಗಿ ಕಿಟಕಿ ಮುಚ್ಚುತ್ತಾಳೆ, ಆಮೇಲೆ ಪೊರಕೆ ಹುಡುಕುತ್ತಾಳೆ.

ಇಂಥವನ ಪಾಲಿಗೆ ತೊಂಬತ್ತರ ದಶಕದಲ್ಲಿ ಒಂದು ಶಾರ್ಕ್ ಬಂತು. ನಾನಾಗ ಗೌಡರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ವಯಸ್ಸಾದ ಮೇಲೆ ಗೌಡರಿಗೆ ಊರಿಗೊಂದು ನಿಸರ್ಗ ಚರಿತ್ರೆಯ ಮ್ಯೂಸಿಯಂ ಮಾಡುವ ಹುಚ್ಚು ಹತ್ತಿತು. ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಖಾಲಿ ಬಿದ್ದಿದ್ದ ಕಾಫಿ ಗೋಡೌನಿಗೆ ಸುಣ್ಣ ಹೊಡೆಸಿ, ಚಿಟ್ಟೆ, ಹಕ್ಕಿಗೂಡು ಜೋಡಿಸಿ, ನನ್ನನ್ನೇ ಉಸ್ತುವಾರಿಗೆ ಹಾಕಿದರು. ದೊಡ್ಡದೊಂದು ಪ್ರಾಣಿ ಬೇಕಲ್ಲ, ಆನೆ ಮಾಡಿಸೋಣ ಅಂದೆ. "ಆನೆ ನೋಡೋಕೆ ಯಾರು ಬರ್ತಾರೆ ಮಾರಾಯ, ಅದೇ ನಮ್ಮನ್ನ ನೋಡೋಕೆ ಬರುತ್ತೆ" ಅಂದರು. ಹಾಗಾಗಿ ನಿಜವಾದದ್ದರಷ್ಟೇ ಉದ್ದದ, ಹದಿನೆಂಟಡಿಯ ಫೈಬರ್ ಶಾರ್ಕು ಮಂಗಳೂರಿನಿಂದ ಲಾರಿಯಲ್ಲಿ ಚಾರ್ಮಾಡಿ ಘಾಟಿ ಹತ್ತಿತು. ಕೊಟ್ಟಿಗೆಹಾರದ ಹೋಟೆಲುಗಳಲ್ಲಿ ತಿಂಡಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಹೊರಗೆ ಬಂದರಂತೆ.

ಅದು ಬರೀ ಗೊಂಬೆ ಅಂತ ನನಗೆ ಗೊತ್ತಿತ್ತು. ಒಳಗೆ ಪೊಳ್ಳು ಅಂತಲೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು! ಅಗಲಕ್ಕೆ ತೆರೆದ ಬಾಯಿ, ಕೆಂಪು ವಸಡು, ಸಾಲುಸಾಲು ಹಲ್ಲು. ಯಾವ ಮೂಲೆಯಲ್ಲಿ ನಿಂತರೂ ಅದರ ಕಣ್ಣು ನನ್ನ ಮೇಲೇ. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಎರಡು ಸಲ ಕೆಮ್ಮುತ್ತಿದ್ದೆ, ಹಿರಿಯರ ಕೋಣೆಗೆ ಹೋಗುವವನ ಹಾಗೆ. ಅದಕ್ಕೆ ಬೆನ್ನು ಕೊಡದೆ ಏಡಿಯಂತೆ ಅಡ್ಡಡ್ಡ ನಡೆದು ನನ್ನ ಮೇಜು ಸೇರುತ್ತಿದ್ದೆ. ಮಧ್ಯಾಹ್ನದ ಬುತ್ತಿಯನ್ನು ಜಗಲಿಯಲ್ಲಿ ಕೂತೇ ತಿನ್ನುತ್ತಿದ್ದೆ.

ಇಷ್ಟಾದರೂ ಬಾಯಿ ಸುಮ್ಮನಿರಬೇಕಲ್ಲ. ಮೂರನೇ ಕ್ಲಾಸಿನ ನನ್ನ ಮಗಳು ಚೈತ್ರ ಒಂದು ದಿನ, ಅಪ್ಪ ಅದರ ಬಾಯೊಳಗೆ ಕೈ ಇಡ್ತೀರಾ ಅಂತ ಕೇಳಿದಳು. ಕೈ ಏನು, ದಿನಾ ತಲೆಯನ್ನೇ ಇಡ್ತೀನಿ ಅಂದುಬಿಟ್ಟೆ. ಮಾರನೆಯ ದಿನ ಇಡೀ ಕ್ಲಾಸಿಗೆ ಗೊತ್ತಾಯಿತು. ಅರ್ಧ ಜನ ನಂಬಲಿಲ್ಲ, ಸುಳ್ಳಿ ಅಂತ ಅಣಕಿಸಿದರು. ಅವಳು ಅತ್ತುಕೊಂಡು ಬಂದಳು. ಕೊನೆಗೆ ಅವರ ಟೀಚರು, ಬರುವ ಶನಿವಾರ ಎಲ್ಲರೂ ಹೋಗಿ ನೋಡಿಯೇ ಬಿಡೋಣ ಅಂದರಂತೆ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ಇದರ ಮಧ್ಯೆ ಮಳೆ ಹಿಡಿದು, ಶಾರ್ಕಿನ ವಸಡಿಗೆ ಬೂಷ್ಟು ಬಂತು. ಗೌಡರು ನೋಡಿ, ಏನ್ರೀ ರೈಟ್ರೇ ಇದಕ್ಕೆ ಗಡ್ಡ ಬಂದಿದೆಯಲ್ಲ, ದಿನಾ ಒಳಗೂ ಒರೆಸಿ ಅಂದರು. ಒಳಗೂ! ನಾನು ಜೇಡರ ಬಲೆ ಹೊಡೆಯುವ ಕೋಲಿಗೆ ಬಟ್ಟೆ ಕಟ್ಟಿ, ಮಾರು ದೂರ ನಿಂತು, ಕಣ್ಣು ಮುಚ್ಚಿ ತಿವಿದೆ. ಬೂಷ್ಟು ಹೋಗಲಿಲ್ಲ. ಪದ್ಮನೇ ದಾರಿ ತೋರಿಸಿದಳು. ಮಳೆಗಾಲದಲ್ಲಿ ರೇಷ್ಮೆ ಸೀರೆ ಕೆಡಬಾರದೆಂದು ಬೀರುವಿನೊಳಗೆ ಬಲ್ಬು ಉರಿಸುವುದಿಲ್ಲವೇ, ಅದಕ್ಕೂ ಹಾಗೇ ಮಾಡಿ ಅಂದಳು. ಎಲೆಕ್ಟ್ರಿಷಿಯನ್ ಹುಳದಂತೆ ಒಳಗೆ ತೂರಿ ಹೊಟ್ಟೆಯಲ್ಲಿ ನಲವತ್ತು ಕ್ಯಾಂಡಲ್ ಬಲ್ಬು ನೇತುಹಾಕಿದ. ಎರಡೇ ದಿನಕ್ಕೆ ಬೂಷ್ಟು ಒಣಗಿತು. ಆದರೆ ಮೋಡ ಕವಿದ ಬೆಳಗಿನಲ್ಲಿ ಬಾಗಿಲು ತೆಗೆದರೆ ಅದರ ಗಂಟಲೂ ಕಣ್ಣೂ ಕೆಂಡದ ಹಾಗೆ ಹೊಳೆಯುತ್ತಿದ್ದವು. ಹೆದರಿಕೆಗೆ ನಾನೇ ಕರೆಂಟು ಕೊಟ್ಟಿದ್ದೆ.

ಶನಿವಾರ ಮಕ್ಕಳು ಬರಲು ಹತ್ತು ನಿಮಿಷವಿದೆ ಅನ್ನುವಾಗ ಬಲ್ಬು ಫಟ್ ಅಂತು. ಎಲೆಕ್ಟ್ರಿಷಿಯನ್ ಬಣಕಲ್ಲಿಗೆ ಹೋಗಿದ್ದ. ಒಮ್ಮೆ ಯಾರೂ ಇಲ್ಲದಾಗ ತಲೆ ಇಟ್ಟು ಅಭ್ಯಾಸ ಮಾಡಿಕೊಂಡರೆ ಮಕ್ಕಳೆದುರು ಮರ್ಯಾದೆ ಉಳಿದೀತು ಅನ್ನಿಸಿತು. ಸ್ವಿಚ್ಚು ಆರಿಸಿ, ಚಪ್ಪಲಿ ಬಿಟ್ಟು, ಹೊಸ ಬಲ್ಬನ್ನು ಜೇಬಿನಲ್ಲಿಟ್ಟು, ಮನೆದೇವರನ್ನು ನೆನೆದು ಒಳಗೆ ನುಗ್ಗಿದೆ. ಸೊಂಟದ ತನಕ ಹೋದೆ. ಎದೆ ಡವಡವ ಅನ್ನುವುದು ಫೈಬರಿಗೆ ಬಡಿದು ನನಗೇ ಕೇಳುತ್ತಿತ್ತು. ಆದರೂ ಹಲ್ಲು ಮುಚ್ಚಿಕೊಳ್ಳಲಿಲ್ಲ. ಇಷ್ಟೇನಾ ಅಂದುಕೊಂಡು ಕತ್ತಲಲ್ಲಿ ಬಲ್ಬಿಗೆ ಕೈ ಚಾಚಿದೆ. ಇಡೀ ಮೂಡಿಗೆರೆಯಲ್ಲಿ ಬೆಚ್ಚಗಿದ್ದ ಜಾಗ ಅದೊಂದೇ ಅಂತ ನನಗಿಂತ ಮೊದಲು ತಿಳಿದವರಿದ್ದರು. ಮೀಸೆಯಿದ್ದ ಒಂದಷ್ಟು ಜನ ನನ್ನ ಅಂಗೈ ಮೇಲಿಂದ ಅಂಗಿಯ ತೋಳಿನೊಳಗೆ ಹರಿದರು.

ಆ ಸ್ವರ ಹೊರಟಿತು. ಹದಿನೆಂಟಡಿಯ ಪೊಳ್ಳಿನೊಳಗೆ ಅದು ಎಷ್ಟು ದೊಡ್ಡದಾಯಿತೆಂದರೆ, ಕೂಗಿದ ನಾನೇ ಶಾರ್ಕು ಕೂಗಿತೆಂದು ನಂಬಿ ಇನ್ನೊಮ್ಮೆ ಕೂಗಿದೆ. ಅದೇ ಹೊತ್ತಿಗೆ ಮಕ್ಕಳು ಬಾಗಿಲಿಗೆ ಬಂದಿದ್ದರು. ಮೀನಿನ ಬಾಯಿಂದ ಒದ್ದಾಡುವ ಎರಡು ಕಾಲು ನೋಡಿ ಎಲ್ಲರೂ ಜಗಲಿಗೆ ಓಡಿದರು, ಟೀಚರೇ ಮುಂದೆ. ಓಡದೆ ನಿಂತವಳು ಒಬ್ಬಳೇ. ಅವಳ ಮಾತು ನನಗೆ ಒಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

"ಓಡ್ಬೇಡ್ರೋ, ಅದು ಶಾರ್ಕ್ ಅಲ್ಲ, ನಮ್ಮಪ್ಪ. ಒಳಗೆ ಜಿರಳೆ ಇರ್ಬೇಕು."

ಅವಳೇ ಕಾಲು ಹಿಡಿದೆಳೆದಳು. ಆಮೇಲೆ ಮಕ್ಕಳು ಶಾರ್ಕಿನ ಮೂತಿ ಸವರಿ, ಹಲ್ಲು ಎಣಿಸಿ, ಒಬ್ಬೊಬ್ಬರಾಗಿ ತಲೆ ಇಟ್ಟು ನೋಡಿದರು. ನಾನು ಜಗಲಿಯಲ್ಲಿ ಅಂಗಿ ಕೊಡವುತ್ತಿದ್ದೆ.

ಮನೆಗೆ ಹೋಗುವಾಗ ಕೊಡೆಯ ಕೆಳಗೆ ಚೈತ್ರ ನನ್ನ ಬೆರಳು ಹಿಡಿದುಕೊಂಡು, "ತಲೆ ಇಟ್ಟಿದ್ದಂತೂ ಎಲ್ರೂ ನೋಡಿದ್ರಲ್ಲ ಅಪ್ಪ. ಇನ್ನು ಯಾರೂ ನನ್ನ ಸುಳ್ಳಿ ಅನ್ನಲ್ಲ" ಅಂದಳು. ನನ್ನ ಕಣ್ಣು ತುಂಬಿ ಬಂತು. ನಡೆದದ್ದನ್ನು ಅಮ್ಮನಿಗೆ ಮಾತ್ರ ಹೇಳಬೇಡ ಅಂದೆ. ಆಗಲಿ ಅಂತ ಆಣೆ ಇಟ್ಟಳು.

ಬೀದಿ ತಿರುಗಿ ನೋಡಿದರೆ, ನಮ್ಮ ಮನೆಯ ಕಿಟಕಿಗಳೆಲ್ಲ ಆಗಲೇ ಮುಚ್ಚಿದ್ದವು.